ತಿಪ್ಪೆಗೆ ನುಗ್ಗಿದ ಯೆಜ್ಡಿ: ಹೊಸದಾಗಿ ಬೈಕ್ ಕಲಿಯುವವರ ಮುಂದೆ ಆಡಿದ ಮಾತು

(ಪದವಿ ಕಾಲೇಜೊಂದರ ವಿದ್ಯಾರ್ಥಿಗಳ ಮುಂದೆ ಡಿಸೆಂಬರ್ ತಿಂಗಳಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ನನ್ನನ್ನು ಕರೆದ ಮೇಷ್ಟರು ಹಿಂದಿನ ಗೋಡೆಗೆ ‘ರಸ್ತೆ ಸುರಕ್ಷತೆ’ ಎಂದು ಬ್ಯಾನರ್ ಕಟ್ಟಿಸಿದ್ದಾರೆ. ಅದನ್ನು ಓದಿದ ಕೂಡಲೇ ಕೊನೆಯ ಬೆಂಚಿನವರು ಮೊಬೈಲ್ ಹೊರಗೆ ತೆಗೆದದ್ದನ್ನು ನೋಡಿದೆ. ನಿಮ್ಮ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಆದ್ದರಿಂದ ಬ್ಯಾನರಿನ ವಿಷಯವನ್ನು ಬ್ಯಾನರಿಗೇ ಬಿಟ್ಟು, ನಾನು ಬೈಕ್ ಕಲಿಯುವ ಬಗ್ಗೆ ಮಾತನಾಡುತ್ತೇನೆ. ನಾನು ಭಾಷಣಕಾರನಲ್ಲ, ಮೈಸೂರಿನಲ್ಲಿ ಸುಮಾರು 30 ವರ್ಷ ಗ್ಯಾರೇಜ್ ನಡೆಸಿದವನು. ಈಗ ಗ್ಯಾರೇಜನ್ನು ಮಗ ನೋಡಿಕೊಳ್ಳುತ್ತಾನೆ, ನಾನು ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಹೊಸಬರಿಗೆ ಗಾಡಿ ಕಲಿಸುತ್ತೇನೆ. ಬಗ್ಗಿದ ಹ್ಯಾಂಡಲ್, ಸೀಳಿದ ಮಡ್‌ಗಾರ್ಡ್, ತಿರುಚಿದ ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ ಕವಲು) ನೋಡಿ ಗಾಡಿ ಹೇಗೆ ಬಿತ್ತೆಂದು ಹೇಳುವಷ್ಟು ಅನುಭವ ಇದೆ. ಗಾಡಿ ತಂದವರು ಹೇಳುವ ಕಥೆ ಬೇರೆಯೇ ಇರುತ್ತದೆ, ಅದು ಬೇರೆ ಮಾತು.

ನಾನು ಕಲಿತದ್ದು 1986ರಲ್ಲಿ, ಚಿಕ್ಕಪ್ಪನ ಯೆಜ್ಡಿಯಲ್ಲಿ. ನಿಮ್ಮಲ್ಲಿ ಕೆಲವರು ಯೆಜ್ಡಿಯನ್ನು ಹೊಸ ಶೋರೂಮಿನಲ್ಲಿ ಮಾತ್ರ ನೋಡಿರಬಹುದು. ಹಳೆಯ ಯೆಜ್ಡಿ ನಮ್ಮ ಮೈಸೂರಿನ ಕೂಸು. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು, 1996ರಲ್ಲಿ ಮುಚ್ಚಿತು. ಮೊದಲು ಜಾವಾ, ಆಮೇಲೆ ಯೆಜ್ಡಿ. ಆ ಗಾಡಿಯದೊಂದು ವಿಚಿತ್ರವಿತ್ತು. ಕಿಕ್ಕರ್ ಬೇರೆ, ಗೇರ್ ಲಿವರ್ ಬೇರೆ ಇರಲಿಲ್ಲ. ಒಂದೇ ಲಿವರ್. ಅದನ್ನು ಹಿಂದಕ್ಕೆ ಎತ್ತಿ ತಿರುಗಿಸಿದರೆ ಕಿಕ್ಕರ್, ಇಂಜಿನ್ ಹಿಡಿದ ಮೇಲೆ ಮುಂದಕ್ಕೆ ಮಡಚಿದರೆ ಗೇರ್. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕಿತ್ತು. ಊರಿಗೆ ಚಿಕ್ಕಪ್ಪ ಬರುತ್ತಿರುವುದು ಎರಡು ಫರ್ಲಾಂಗ್ ಆಚೆಯಿಂದಲೇ ಕಿವಿಗೂ ಗೊತ್ತಾಗುತ್ತಿತ್ತು, ಮೂಗಿಗೂ ಗೊತ್ತಾಗುತ್ತಿತ್ತು.

ಒಂದು ಭಾನುವಾರ ಊರಾಚೆಯ ಕಣದಲ್ಲಿ ಚಿಕ್ಕಪ್ಪ ನನ್ನನ್ನು ಕೂರಿಸಿದರು. ‘ಇದು ಕ್ಲಚ್ಚು, ಇದು ರೇಸು. ಗೇರ್ ಹಾಕು, ಕ್ಲಚ್ ನಿಧಾನಕ್ಕೆ ಬಿಡು, ರೇಸ್ ಕೊಡು’ ಎಂದರು. ಮೂರು ಸಲ ಜಿಗಿದು ಆಫ್ ಆಯಿತು. ನಾಲ್ಕನೆಯ ಸಲ ಹೊರಟಿತು. ಚಿಕ್ಕಪ್ಪ ಹಿಂದೆ ಓಡುತ್ತಾ ‘ಬಂತು, ಬಂತು, ಬಂದೇಬಿಡ್ತು’ ಎಂದು ಕೂಗುತ್ತಿದ್ದಾರೆ. ಕಣದ ಅಂಚು ಹತ್ತಿರವಾಗುತ್ತಿದೆ. ಆಗ ನನಗೆ ಹೊಳೆಯಿತು: ಬ್ರೇಕ್ ಎಲ್ಲಿದೆ ಎಂದು ಈ ಮನುಷ್ಯ ಹೇಳಲೇ ಇಲ್ಲ. ಕಣದ ಪಕ್ಕದಲ್ಲೇ ದಾಯಾದಿಗಳ ತಿಪ್ಪೆ. ಯೆಜ್ಡಿ ಅದರೊಳಗೆ ಮುಂದಿನ ಚಕ್ರ ಮುಳುಗುವಷ್ಟು ಹೋಗಿ ತಾನಾಗಿ ನಿಂತಿತು. ಚಿಕ್ಕಪ್ಪ ಬಂದು ನನ್ನನ್ನು ಎತ್ತಿ, ಸೆಗಣಿ ಕೊಡವಿ, ‘ಹೋಗುವುದು ಬಂತಲ್ಲ, ನಿಲ್ಲಿಸುವುದು ತಾನಾಗಿ ಬರುತ್ತದೆ ಬಿಡು’ ಎಂದರು.

ಈ ಮಾತನ್ನು ನಾನು ಎಷ್ಟೋ ಮನೆಗಳ ಮುಂದೆ, ಎಷ್ಟೋ ಮೈದಾನಗಳಲ್ಲಿ ಬೇರೆ ಬೇರೆ ಬಾಯಲ್ಲಿ ಕೇಳಿದ್ದೇನೆ. ನಮ್ಮಲ್ಲಿ ಗಾಡಿ ಕಲಿಸುವವರು ಅಣ್ಣ, ಮಾವ, ಪಕ್ಕದ ಮನೆಯ ಹುಡುಗ. ಗಾಡಿ ಆಫ್ ಆಗದೆ ಹತ್ತು ಮಾರು ಹೋಯಿತು ಎಂದರೆ ಪಾಠ ಮುಗಿಯಿತು, ಮಾರನೆಯ ದಿನ ಹಾಲಿನ ಡೇರಿಗೆ ಕಳಿಸುತ್ತಾರೆ. ಕ್ಲಚ್ಚೂ ಗೇರೂ ಕಲಿಯುವುದು ಒಂದು ಬೆಳಗಿನ ಕೆಲಸ. ಬ್ರೇಕ್ ಹಿಡಿಯುವುದನ್ನು, ಕಣ್ಣನ್ನು ಎಲ್ಲಿಡಬೇಕು ಎಂಬುದನ್ನು ಯಾರೂ ಕಲಿಸುವುದೇ ಇಲ್ಲ. ನನ್ನ ಗ್ಯಾರೇಜಿಗೆ ಬಂದ ಬಗ್ಗಿದ ಫೋರ್ಕುಗಳಲ್ಲಿ ಬಹುಪಾಲು ಈ ಎರಡರ ಲೆಕ್ಕಕ್ಕೇ ಸೇರುತ್ತವೆ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. ನಾನು 17ಕ್ಕೆ ಕಲಿತೆ ಎಂಬುದನ್ನು ಯಾರೂ ಆದರ್ಶವಾಗಿ ತೆಗೆದುಕೊಳ್ಳಬೇಡಿ. ಗೇರ್ ಗಾಡಿಗೆ 18 ತುಂಬಿರಬೇಕು. 16ಕ್ಕೆ ಓಡಿಸಬಹುದು ಎಂದು ಮೋಟಾರು ವಾಹನ ಕಾಯ್ದೆಯಲ್ಲಿ ಇರುವುದು 50 ಸಿಸಿ ಮೀರದ ಗಾಡಿಗೆ ಮಾತ್ರ. ಅಂಥ ಪೆಟ್ರೋಲ್ ಗಾಡಿ ಈಗ ಅಂಗಡಿಯಲ್ಲಿ ಸಿಗುವುದೇ ಇಲ್ಲ. 2019ರ ತಿದ್ದುಪಡಿ ಬಂದ ಮೇಲೆ, 18 ತುಂಬದವರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ತಪ್ಪಿತಸ್ಥರು ಅಪ್ಪ ಅಥವಾ ಗಾಡಿಯ ಮಾಲೀಕರು. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಓಡಿಸಿದ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ತಮ್ಮನ ಕೈಗೆ ಕೀಲಿ ಕೊಡುವ ಅಣ್ಣಂದಿರು ಇಲ್ಲಿ ಇರುತ್ತೀರಿ, ನಿಮಗೇ ಈ ಮಾತು.

ಮೊದಲು ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್ ತೆಗೆದುಕೊಳ್ಳಿ. ಅದಕ್ಕೆ ಆರು ತಿಂಗಳ ಆಯುಷ್ಯ. 30 ದಿನ ಕಳೆದ ಮೇಲೆ ಡಿಎಲ್ (ಪೂರ್ಣ ಲೈಸೆನ್ಸ್) ಪರೀಕ್ಷೆಗೆ ಹೋಗಬಹುದು. ಆ 30 ದಿನವನ್ನು ಕಾಯುವ ದಿನ ಎಂದುಕೊಂಡವರೇ ಹೆಚ್ಚು. ಅದು ಕಲಿಯುವ ದಿನ. ಗಾಡಿಗೆ ಬಿಳಿ ಹಲಗೆಯ ಮೇಲೆ ಕೆಂಪು ‘ಎಲ್’ ಹಾಕಬೇಕು. ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ, ಕಲಿಸುವವರ ಹತ್ತಿರ ಲೈಸೆನ್ಸ್ ಇರಬೇಕು. ಗೇರ್ ಇಲ್ಲದ ಸ್ಕೂಟರಿಗೆ ಮಾತ್ರ ತೆಗೆದುಕೊಂಡ ಲೈಸೆನ್ಸಿನಲ್ಲಿ ಗೇರ್ ಗಾಡಿ ಓಡಿಸುವಂತಿಲ್ಲ ಎಂಬುದು ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ. ಲೈಸೆನ್ಸ್ ಇಲ್ಲದೆ ಯಾರಿಗಾದರೂ ಗುದ್ದಿದರೆ, ವಿಮಾ ಕಂಪನಿ ಅವರಿಗೆ ಪರಿಹಾರ ಕೊಟ್ಟರೂ ಅದನ್ನು ಗಾಡಿಯ ಮಾಲೀಕರಿಂದ ವಸೂಲು ಮಾಡಬಹುದು. ಪೊಲೀಸರ ದಂಡಕ್ಕೆ ಹೆದರುವ ಅಪ್ಪಂದಿರು ಇದಕ್ಕೆ ಹೆದರುವುದಿಲ್ಲ. ಹೊಲ ಮಾರಿಸುವುದು ಇದು.

ಯಾವ ಗಾಡಿ? ಈ ಪ್ರಶ್ನೆಗೆ ನೀವೆಲ್ಲ ಎದ್ದು ಕೂತಿದ್ದೀರಿ. ಸೊಸೈಟಿಯಲ್ಲಿ ಸಾಲ ಮಾಡಿ, ಅಪ್ಪನ ಹತ್ತಿರ ಜಗಳ ಆಡಿ, ಮೊದಲನೆಯ ಗಾಡಿಯೇ 350 ಸಿಸಿ ಬೇಕು ಎನ್ನುವವರು ನನ್ನ ಹತ್ತಿರ ಬರುತ್ತಾರೆ. ನಾನು ಅವರಿಗೆ ಒಂದೇ ಕೆಲಸ ಹೇಳುತ್ತೇನೆ: ಗಾಡಿಯನ್ನು ಸೈಡ್ ಸ್ಟ್ಯಾಂಡಿನಿಂದ ಎತ್ತಿ, ಇಂಜಿನ್ ಆಫ್ ಮಾಡಿಯೇ, ಈ ಶೆಡ್ಡಿನ ಸುತ್ತ ಒಂದು ಸುತ್ತು ತಳ್ಳಿಕೊಂಡು ಬಾ. ರಾಯಲ್ ಎನ್‌ಫೀಲ್ಡಿನ ಕ್ಲಾಸಿಕ್ 350 ಸುಮಾರು 195 ಕಿಲೋ ತೂಗುತ್ತದೆ. ಸ್ಪ್ಲೆಂಡರ್ ಸುಮಾರು 112. ಎರಡರ ನಡುವಿನ ವ್ಯತ್ಯಾಸ ಒಂದೂವರೆ ಮೂಟೆ ಸಿಮೆಂಟಿಗಿಂತ ಹೆಚ್ಚು. ಅದು ಓಡುವಾಗ ಗೊತ್ತಾಗುವುದಿಲ್ಲ. ಇಳಿಜಾರಿನಲ್ಲಿ ತಿರುಗಿಸುವಾಗ, ಜಲ್ಲಿಯ ಮೇಲೆ ಕಾಲು ಜಾರಿದಾಗ ಗೊತ್ತಾಗುತ್ತದೆ. ಮೊದಲ ಒಂದು ವರ್ಷ 100ರಿಂದ 125 ಸಿಸಿಯ, ಯಾರೋ ಓಡಿಸಿ ಬಿಟ್ಟ ಗಾಡಿ ಸಾಕು. ಗೆರೆ ಬಿದ್ದರೆ ಎದೆ ಒಡೆಯಬಾರದು, ಅಂಥ ಗಾಡಿ. ದೊಡ್ಡ ಗಾಡಿ ಎಲ್ಲಿಗೂ ಓಡಿಹೋಗುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ಸ್ನೇಹಿತರ ಗಾಡಿ ಕೇಳಿ ಓಡಿಸುವವರು ಗೇರ್ ಹೇಗೆ ಬೀಳುತ್ತದೆ ಎಂದು ಕೇಳಿಯೇ ಹತ್ತಿ. ಸ್ಪ್ಲೆಂಡರಿನಲ್ಲಿ ನಾಲ್ಕೂ ಗೇರ್ ಮುಂದಕ್ಕೆ ಒತ್ತಿದರೆ ಬೀಳುತ್ತವೆ. ಪಲ್ಸರಿನಲ್ಲಿ ಒಂದು ಕೆಳಗೆ, ಉಳಿದವು ಮೇಲೆ. ಹಳೆಯ ಬುಲೆಟ್ಟಿನಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ನಮ್ಮ ಗ್ಯಾರೇಜಿನಲ್ಲೇ ಒಬ್ಬರು ಹಳೆಯ ಬುಲೆಟ್ ಟ್ರಯಲ್ ನೋಡಲು ಹೋಗಿ, ಬ್ರೇಕ್ ಎಂದು ಗೇರ್ ಒತ್ತಿ, ಎದುರಿನ ಎಳನೀರಿನ ಗಾಡಿಗೆ ಹೋಗಿ ನಿಂತರು. ಆ ದಿನ ಎಲ್ಲರಿಗೂ ಎಳನೀರು.

ಹೆಲ್ಮೆಟ್. ಇಲ್ಲಿರುವ ಬೈಕುಗಳ ಕನ್ನಡಿಗೆ ನೇತುಹಾಕಿದ್ದನ್ನು ಬರುವಾಗ ನೋಡಿದೆ. ಅದರಲ್ಲಿ ಅರ್ಧಕ್ಕೆ ಅರ್ಧ ಟೋಪಿಗಳು. ಕಿವಿಯ ಮೇಲೆ ನಿಲ್ಲುವ ಆ ಪ್ಲಾಸ್ಟಿಕ್ ಬೋಗುಣಿ ಪೊಲೀಸರಿಗಾಗಿ, ತಲೆಗಾಗಿ ಅಲ್ಲ. 2021ರ ಜೂನ್ 1ರಿಂದ ಐಎಸ್‌ಐ ಗುರುತು ಇಲ್ಲದ ಹೆಲ್ಮೆಟ್ ಮಾರುವುದೇ ಅಪರಾಧ. ಆದರೂ ರಸ್ತೆ ಬದಿಯಲ್ಲಿ ಸುಳ್ಳು ಸ್ಟಿಕರ್ ಅಂಟಿಸಿದವು ಸಿಗುತ್ತವೆ. ಹಾಕಿಕೊಂಡು ಪಟ್ಟಿ ಬಿಗಿದು, ಹಿಂದಿನಿಂದ ಎರಡು ಕೈಯಲ್ಲಿ ಮುಂದಕ್ಕೆ ತಳ್ಳಿ ನೋಡಿ. ಕಳಚಿ ಬಂದರೆ ಅದು ನಿಮ್ಮ ಅಳತೆಯದಲ್ಲ. ಕೆನ್ನೆಗೆ ಒತ್ತಬೇಕು, ಹಣೆಗೆ ನೋವಾಗಬಾರದು. ಕೇಂದ್ರ ಸಾರಿಗೆ ಇಲಾಖೆಯ 2022ರ ವರದಿ ಪ್ರಕಾರ ಆ ವರ್ಷ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅದರಲ್ಲಿ 14,337 ಜನ ಹಿಂದೆ ಕೂತವರು. ಅಷ್ಟು ಜನರಿಗೆ ಗಾಡಿಯ ಬ್ರೇಕೂ ಕೈಯಲ್ಲಿರಲಿಲ್ಲ, ಹ್ಯಾಂಡಲ್ಲೂ ಇರಲಿಲ್ಲ. ಹೊಸ ಗಾಡಿ ಕೊಳ್ಳುವಾಗ ಹೆಲ್ಮೆಟ್ ಕೊಡಬೇಕು ಎಂದು ನಿಯಮವೇ ಇದೆ, ಕೇಳಿ ತೆಗೆದುಕೊಳ್ಳಿ. ಇನ್ನೊಂದನ್ನು ಹಿಂದೆ ಕೂರುವವರಿಗಾಗಿ ಕೊಳ್ಳಿ.

ಈಗ ಮೈದಾನಕ್ಕೆ ಹೋಗೋಣ. ನನ್ನ ಹತ್ತಿರ ಕಲಿಯಲು ಬಂದವರಿಗೆ ಮೊದಲ ಅರ್ಧ ಗಂಟೆ ಸಿಟ್ಟು ಬರುತ್ತದೆ, ಯಾಕೆಂದರೆ ಇಂಜಿನ್ ಹಚ್ಚುವುದಿಲ್ಲ. ಗಾಡಿಯ ಎಡಗಡೆ ನಿಂತು, ಹ್ಯಾಂಡಲ್ ಹಿಡಿದು, ತಳ್ಳಿಕೊಂಡು ನಡೆಯಬೇಕು. ನಡೆಯುತ್ತಾ ಮುಂದಿನ ಬ್ರೇಕನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿಯಬೇಕು. ಗಾಡಿಯ ಮುಂಭಾಗ ಕುಕ್ಕುವುದನ್ನು ನೋಡಬೇಕು. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ ಎಂಬ ಭೌತಶಾಸ್ತ್ರವನ್ನು ನೀವು ಪುಸ್ತಕದಲ್ಲಿ ಓದಿದ್ದೀರಿ, ಅಂಗೈಯಲ್ಲಿ ಅನುಭವಿಸಿಲ್ಲ. ಆಮೇಲೆ ಹ್ಯಾಂಡಲ್ ಒಂದು ಕಡೆಗೆ ತಿರುಗಿಸಿ ಅದೇ ಬ್ರೇಕ್ ಹಿಡಿಯಲು ಹೇಳುತ್ತೇನೆ. ನಡೆಯುವ ವೇಗದಲ್ಲೇ ಗಾಡಿ ಪಕ್ಕಕ್ಕೆ ವಾಲುತ್ತದೆ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದರೆ ಏನಾಗುತ್ತದೆ ಎಂದು ಮತ್ತೆ ಹೇಳಬೇಕಾಗುವುದಿಲ್ಲ.

ಇಂಜಿನ್ ಹಚ್ಚಿದ ಮೇಲೆ ಮೊದಲ ಪಾಠ ಕ್ಲಚ್ಚಿನದು, ರೇಸ್ ಮುಟ್ಟುವಂತಿಲ್ಲ. ಒಂದನೇ ಗೇರ್ ಹಾಕಿ, ಕ್ಲಚ್ಚನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಬಿಡುತ್ತಾ ಬನ್ನಿ. ಒಂದು ಜಾಗದಲ್ಲಿ ಇಂಜಿನ್ನಿನ ದನಿ ತುಸು ತಗ್ಗುತ್ತದೆ, ಗಾಡಿ ಮುಂದಕ್ಕೆ ಜಗ್ಗುತ್ತದೆ. ಅಲ್ಲೇ ಬೆರಳು ನಿಲ್ಲಿಸಿ. ಅದು ಹಿಡಿಯುವ ಜಾಗ. ಎರಡೂ ಕಾಲು ನೆಲದಲ್ಲಿ ಇಟ್ಟುಕೊಂಡು, ಹತ್ತಡಿ ಮುಂದಕ್ಕೆ ಹೋಗಿ, ಕ್ಲಚ್ ಹಿಡಿದು, ನಿಲ್ಲಿ. ಮತ್ತೆ ಹತ್ತಡಿ. ಐವತ್ತು ಸಲ. ಕಾಲು ಎತ್ತದೆ ಗಾಡಿ ಒಮ್ಮೆಯೂ ಜಿಗಿಯದೆ ಹೊರಡುವಂತಾದ ಮೇಲೆ ಮಾತ್ರ ಕಾಲು ಮೇಲೆ. ಇದು ಬಂದವರಿಗೆ ಆರ್‌ಟಿಒ ಮುಂದೆ ಎಂಟು ಹೊಡೆಯುವುದು, ಅಂದರೆ ಲೈಸೆನ್ಸ್ ಪರೀಕ್ಷೆಯಲ್ಲಿ ಕಾಲೂರದೆ ಎಂಟರ ಆಕಾರದಲ್ಲಿ ಗಾಡಿ ಓಡಿಸುವುದು, ಕಷ್ಟವೇ ಅಲ್ಲ. ಎಂಟು ಹೊಡೆಯುವುದು ಹಾಫ್ ಕ್ಲಚ್ (ಕ್ಲಚ್ಚನ್ನು ಆ ಹಿಡಿಯುವ ಜಾಗದಲ್ಲೇ ಇಟ್ಟುಕೊಳ್ಳುವುದು), ಹಿಂದಿನ ಬ್ರೇಕಿನ ಮೇಲೆ ಪಾದದ ಸಣ್ಣ ಒತ್ತಡ, ಮತ್ತು ಕತ್ತನ್ನು ತಿರುಗಿಸಿ ಮುಂದಿನ ಬಾಗನ್ನು ನೋಡುವುದು, ಇಷ್ಟೇ. ಕಾಲು ಊರುವವರೆಲ್ಲ ಮುಂದಿನ ಚಕ್ರವನ್ನೇ ನೋಡುತ್ತಿರುತ್ತಾರೆ.

ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತದೆ ಎಂದು ಊರಿನ ಹಿರಿಯರೆಲ್ಲ ಹೇಳಿಕೊಟ್ಟಿರುತ್ತಾರೆ. ಅದು ಅವರ ಸೈಕಲ್ಲಿನ ಕಾಲದ ನೆನಪು. ಒಣ ಡಾಂಬರಿನ ಮೇಲೆ, ಹ್ಯಾಂಡಲ್ ನೇರವಾಗಿರುವಾಗ, ಗಾಡಿಯನ್ನು ನಿಲ್ಲಿಸುವುದು ಹೆಚ್ಚಾಗಿ ಮುಂದಿನ ಬ್ರೇಕೇ. ಬರೀ ಕಾಲಿನ ಬ್ರೇಕ್ ನಂಬಿದವರ ಹಿಂದಿನ ಟೈರ್ ಲಾಕ್ ಆಗಿ ಗಾಡಿ ಬಾಲ ಬೀಸುತ್ತದೆ. ಎರಡನ್ನೂ ಒಟ್ಟಿಗೆ ಹಿಡಿಯಬೇಕು, ಮುಂದಿನದನ್ನು ನಿಂಬೆಹಣ್ಣು ಹಿಂಡಿದ ಹಾಗೆ ಒತ್ತುತ್ತಾ ಹೋಗಬೇಕು, ಕಪಾಳಕ್ಕೆ ಹೊಡೆದ ಹಾಗಲ್ಲ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಗಾಡಿಗಳಿಗೆಲ್ಲ ಎಬಿಎಸ್ (ಬ್ರೇಕ್ ಜೋರಾಗಿ ಹಿಡಿದರೂ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ಸಣ್ಣ ಗಾಡಿಗಳಲ್ಲಿ ಒಂದು ಬ್ರೇಕ್ ಒತ್ತಿದರೆ ಇನ್ನೊಂದೂ ತುಸು ಹಿಡಿಯುವ ವ್ಯವಸ್ಥೆ ಇರುತ್ತದೆ. ಅವು ನಿಮ್ಮ ತಪ್ಪನ್ನು ಸ್ವಲ್ಪ ತಿದ್ದುತ್ತವೆ. ನಿಮ್ಮ ಅಪ್ಪನ ಹಳೆಯ ಗಾಡಿ ಏನನ್ನೂ ತಿದ್ದುವುದಿಲ್ಲ.

ವೇಗದ ಲೆಕ್ಕವನ್ನು ಕ್ರಿಕೆಟ್ ಪಿಚ್ಚಿನಲ್ಲಿ ಹೇಳುತ್ತೇನೆ. ಪಿಚ್ ಸುಮಾರು 20 ಮೀಟರ್. ಏನೋ ಅಡ್ಡ ಬಂತು ಎಂದು ಕಣ್ಣು ನೋಡಿ ಕೈ ಬ್ರೇಕ್ ಹಿಡಿಯುವುದಕ್ಕೆ ಒಂದು ಸೆಕೆಂಡ್ ಎಂದು ಇಟ್ಟುಕೊಳ್ಳಿ. ಒಳ್ಳೆಯ ಒಣ ರಸ್ತೆ, ಬ್ರೇಕ್ ಚೆನ್ನಾಗಿ ಹಿಡಿಯಲು ಬರುವ ಸವಾರ. ಗಂಟೆಗೆ 40 ಕಿ.ಮೀ. ವೇಗದಲ್ಲಿದ್ದರೆ ನಿಲ್ಲಲು ಒಂದು ಪಿಚ್ ಬೇಕು. 60ರಲ್ಲಿ ಎರಡು ಪಿಚ್. 80ರಲ್ಲಿ ಹೆಚ್ಚುಕಡಿಮೆ ಮೂರು ಪಿಚ್. ಈಗ ಹೀಗೆ ಯೋಚಿಸಿ: ಒಂದು ಪಿಚ್ ದೂರದಲ್ಲಿ ಎಮ್ಮೆ ಅಡ್ಡ ನಿಂತಿದೆ. 40ರಲ್ಲಿ ಬಂದವನು ಅದರ ಬಾಲದ ಹತ್ತಿರ ನಿಂತು ಬೈಯುತ್ತಾನೆ. 60ರಲ್ಲಿ ಬಂದವನಿಗೆ ಬ್ರೇಕ್ ಹಿಡಿಯುವುದಕ್ಕೆ ಸುಮಾರು ಮೂರೂವರೆ ಮೀಟರ್ ಮಾತ್ರ ಉಳಿದಿರುತ್ತದೆ. ಅವನು 54ರ ಆಸುಪಾಸಿನ ವೇಗದಲ್ಲೇ ಎಮ್ಮೆಗೆ ಗುದ್ದುತ್ತಾನೆ. ಇಪ್ಪತ್ತು ಕಿ.ಮೀ. ಜಾಸ್ತಿ ಹೋದರೆ ಏನಾಯಿತು ಎನ್ನುವವರು ಈ ಲೆಕ್ಕವನ್ನು ನಿಮ್ಮ ಭೌತಶಾಸ್ತ್ರದ ಮೇಷ್ಟರ ಹತ್ತಿರ ಒಮ್ಮೆ ಮಾಡಿಸಿ ನೋಡಿ.

ಎಮ್ಮೆಯ ಮಾತು ಬಂದದ್ದರಿಂದ ಹೇಳುತ್ತೇನೆ, ಹಳ್ಳಿ ರಸ್ತೆಯಲ್ಲಿ ಪ್ರಾಣಿಗಳ ಸ್ವಭಾವ ತಿಳಿದಿರಬೇಕು. ಎಮ್ಮೆ ಹೊರಟ ದಾರಿಯನ್ನು ಸಾಮಾನ್ಯವಾಗಿ ಬದಲಿಸುವುದಿಲ್ಲ, ಹಾರ್ನಿಗೆ ಬೆಲೆ ಕೊಡುವುದೂ ಇಲ್ಲ. ಅದರ ಬೆನ್ನ ಹಿಂದಿನಿಂದ ಹೋಗಿ. ನಾಯಿ ಅರ್ಧ ರಸ್ತೆ ದಾಟಿ ಮನಸ್ಸು ಬದಲಾಯಿಸುತ್ತದೆ. ಒಂದು ಮೇಕೆ ದಾಟಿತು ಎಂದರೆ ಇನ್ನೊಂದು ಬೇಲಿಯಲ್ಲಿ ಇದೆ ಎಂದೇ ಲೆಕ್ಕ. ಚೆಂಡು ಉರುಳಿ ಬಂದರೆ ಅದರ ಹಿಂದೆ ಮಗು. ನಿಂತ ಬಸ್ಸಿನ ಎಡಗಡೆಯಿಂದ ಮುಂದೆ ಹೋಗಲೇಬೇಡಿ, ಬಾಗಿಲು ಇರುವುದು ಆ ಕಡೆ. ಬುಟ್ಟಿ ಹೊತ್ತ ಅಜ್ಜಿ ಹಿಂದೆ ತಿರುಗಿ ನೋಡಿ ಇಳಿಯುವುದಿಲ್ಲ.

ಮಂಡ್ಯದ ಕಡೆಯವರಿಗೆ ಕಬ್ಬಿನ ಟ್ರ್ಯಾಕ್ಟರ್ ಹೊಸದಲ್ಲ. ರಾತ್ರಿ ಎದುರಿನ ಗಾಡಿಯ ಹೆಡ್‌ಲೈಟ್ ಕಣ್ಣಿಗೆ ಹೊಡೆದ ಆ ಎರಡು ಸೆಕೆಂಡ್‌ನಲ್ಲಿ, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ನಿಂತ ಟ್ರೈಲರ್ ಇರಬಹುದು. ಕಣ್ಣು ಕುಕ್ಕಿತೆಂದರೆ ಆಕ್ಸಿಲರೇಟರ್ ಬಿಡಿ, ರಸ್ತೆಯ ಎಡ ಅಂಚಿನ ಬಿಳಿ ಗೆರೆಯನ್ನು ನೋಡಿ. ಮೊದಲ ಆರು ತಿಂಗಳು ರಾತ್ರಿ ಹೆದ್ದಾರಿಗೆ ಹೋಗದಿದ್ದರೆ ಇನ್ನೂ ಒಳ್ಳೆಯದು.

ಇನ್ನು ನನ್ನ ಭುಜದ ಕಥೆ. ನನಗೆ ಆಗ ಇಪ್ಪತ್ತೆರಡು. ಹೀಗೇ ಡಿಸೆಂಬರ್ ತಿಂಗಳು. ಬೆಳಿಗ್ಗೆ ಎಂಟರ ಹೊತ್ತು, ಇಬ್ಬನಿ ಇನ್ನೂ ಆರಿರಲಿಲ್ಲ. ಒಂದು ಊರು ದಾಟಿ ತಿರುವು ತೆಗೆದುಕೊಂಡರೆ ಎದುರಿಗೆ ರಸ್ತೆಯೇ ಇಲ್ಲ. ಇದ್ದದ್ದು ಹುರುಳಿ. ಅಡ್ಡಡ್ಡ ಮೊಣಕಾಲುದ್ದ ಹರಡಿದ್ದಾರೆ, ಮೇಲೆ ಬಸ್ಸು ಲಾರಿ ಓಡಿ ಒಕ್ಕಣೆ ಆಗುತ್ತಿದೆ. ಒಕ್ಕಣೆಗೆ ಕಣ ಮಾಡುವವರು ಕಡಿಮೆಯಾಗಿ ಡಾಂಬರ್ ರಸ್ತೆಯೇ ಕಣವಾದ ಕಾಲ ಆಗಲೇ ಶುರುವಾಗಿತ್ತು. ನಾನು ಐವತ್ತರ ವೇಗದಲ್ಲಿ ಇದ್ದೆ. ಹೆದರಿ ಮುಂದಿನ ಬ್ರೇಕ್ ಹಿಡಿದೆ. ಹುರುಳಿಯ ಬಳ್ಳಿ ಟೈರಿನ ಕೆಳಗೆ ಎಣ್ಣೆ ಸುರಿದ ಹಾಗೆ ಜಾರಿತು. ಗಾಡಿ ನನ್ನನ್ನು ಬಿಟ್ಟು ಒಬ್ಬಳೇ ಹೊರಟ ಮದುವೆ ಹೆಣ್ಣಿನ ಹಾಗೆ ಮುಂದೆ ಹೋಯಿತು, ನಾನು ಎಡ ಭುಜದ ಮೇಲೆ ಹಿಂದೆ ಹೋದೆ. ಕೊರಳ ಮೂಳೆ ಎರಡು ತುಂಡು. ಮೊರದಲ್ಲಿ ಕಾಳು ತೂರುತ್ತಿದ್ದ ಹೆಂಗಸು ಓಡಿ ಬಂದು ಮೊದಲು ಕೇಳಿದ್ದು, ‘ಏನಪ್ಪ, ಹುರುಳಿ ಕಾಣಲಿಲ್ಲವಾ?’ ಎಂದು.

ಕಂಡಿತ್ತು. ಕಂಡ ಮೇಲೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಟೈರು ನೆಲವನ್ನು ಮುಟ್ಟುವುದು ಒಂದು ಅಂಗೈಯಗಲದಷ್ಟು ಜಾಗದಲ್ಲಿ. ಆ ಅಂಗೈಯ ಕೆಳಗೆ ಹುಲ್ಲೋ, ಮರಳೋ, ಎಣ್ಣೆಯೋ ಬಂದರೆ ಬ್ರೇಕೂ ಇಲ್ಲ, ತಿರುವೂ ಇಲ್ಲ. ಕಂಡ ಕೂಡಲೇ, ಇನ್ನೂ ಒಳ್ಳೆಯ ಡಾಂಬರಿನ ಮೇಲಿರುವಾಗಲೇ ವೇಗ ಇಳಿಸಬೇಕು. ಅದರ ಮೇಲೆ ಹೋದ ಮೇಲೆ ಬ್ರೇಕ್ ಮುಟ್ಟಬಾರದು, ವಾಲಿಸಬಾರದು, ಸಣ್ಣ ಗೇರಿನಲ್ಲಿ ನೆಟ್ಟಗೆ ದಾಟಬೇಕು. ನಾಳೆಯಿಂದ ನೀವು ಮನೆಗೆ ಹೋಗುವ ದಾರಿಯಲ್ಲೇ ರಾಗಿ, ಹುರುಳಿ ಹರಡಿರುತ್ತಾರೆ, ಅದಕ್ಕೇ ಇಷ್ಟು ಉದ್ದ ಹೇಳಿದೆ. ಆಯುಧ ಪೂಜೆಯ ಮಾರನೆಯ ದಿನದ ರಸ್ತೆಗೂ ಇದೇ ಮಾತು. ಗಾಡಿಗೆ ದೃಷ್ಟಿಯಾಗಬಾರದೆಂದು ರಸ್ತೆಯ ಮಧ್ಯೆ ಒಡೆದ ಬೂದುಗುಂಬಳದ ತಿರುಳಿನ ಮೇಲೆ ಪಕ್ಕದ ಬೀದಿಯವನ ಗಾಡಿ ಜಾರುತ್ತದೆ. ಪೂಜೆ ಮಾಡಿ, ಚೂರುಗಳನ್ನು ಗುಡಿಸಿ ಎತ್ತಿ. ಮೊದಲ ಮಳೆಯ ಹದಿನೈದು ನಿಮಿಷ ಕೂಡ ಹಾಗೇ, ತಿಂಗಳುಗಟ್ಟಲೆ ಬಿದ್ದ ಎಣ್ಣೆ ನೀರಿನ ಜೊತೆ ಮೇಲೆದ್ದಿರುತ್ತದೆ. ಚಹಾ ಕುಡಿಯಲು ಅದು ಒಳ್ಳೆಯ ಸಮಯ.

ಕಣ್ಣಿನ ವಿಷಯ ಬಾಕಿ ಇದೆ. ಗಾಡಿ ಕಣ್ಣು ಹೋದ ಕಡೆಗೇ ಹೋಗುತ್ತದೆ. ಗುಂಡಿಯನ್ನು ತಪ್ಪಿಸಬೇಕು ಎಂದು ಗುಂಡಿಯನ್ನೇ ದಿಟ್ಟಿಸಿದರೆ ಗುಂಡಿಗೇ ಇಳಿಯುತ್ತೀರಿ. ನಾನು ತಿಪ್ಪೆಗೆ ಹೋದದ್ದೂ ಹಾಗೆಯೇ, ಕಣದ ಎಡಬದಿಯೆಲ್ಲ ಖಾಲಿ ಇತ್ತು. ಗುಂಡಿಯ ಪಕ್ಕದ ಒಳ್ಳೆಯ ಜಾಗವನ್ನು ನೋಡಿ. ಆಗುಂಬೆ, ಚಾರ್ಮಾಡಿಯ ತಿರುವುಗಳಲ್ಲಿ ತಡೆಗೋಡೆಯನ್ನೋ ಎದುರಿಗೆ ಬರುವ ಲಾರಿಯ ಬಂಪರನ್ನೋ ನೋಡದೆ, ತಿರುವು ಎಲ್ಲಿ ಬಿಚ್ಚಿಕೊಳ್ಳುತ್ತದೋ ಅಲ್ಲಿಗೆ ಕತ್ತು ತಿರುಗಿಸಿ. ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿ ಇಳಿಸುವ ಜಾಣರು ಇದ್ದಾರೆ. ಉಳಿಯುವುದು ಹತ್ತಿಪ್ಪತ್ತು ರೂಪಾಯಿ. ಇಂಜಿನ್ನಿನ ಹಿಡಿತ ಹೋಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕ್ ಕಾದು ಹಿಡಿಯುವುದನ್ನು ಬಿಡುತ್ತದೆ. ಯಾವ ಗೇರಿನಲ್ಲಿ ಹತ್ತುತ್ತಿದ್ದಿರೋ ಅದೇ ಗೇರಿನಲ್ಲಿ ಇಳಿಯಿರಿ ಎಂಬುದು ಹಳೆಯ ಲಾರಿ ಚಾಲಕರ ಲೆಕ್ಕ, ಅದು ಇವತ್ತಿಗೂ ಸರಿ.

ಗಾಡಿಯ ಆರೈಕೆ ಬಗ್ಗೆ ಗ್ಯಾರೇಜಿನವನಾಗಿ ಒಂದು ಗಂಟೆ ಮಾತನಾಡಬಲ್ಲೆ, ಮಾತನಾಡುವುದಿಲ್ಲ. ವಾರಕ್ಕೊಮ್ಮೆ ಗಾಳಿ ನೋಡಿ, ಎಷ್ಟು ಇರಬೇಕೆಂದು ಗಾಡಿಯ ಜೊತೆ ಬಂದ ಪುಸ್ತಕದಲ್ಲೇ ಬರೆದಿರುತ್ತದೆ. ಚೈನಿಗೆ ಎಣ್ಣೆ ಬಿಡಿ. ಹೊರಡುವ ಮೊದಲು ಸೈಡ್ ಸ್ಟ್ಯಾಂಡ್ ಎತ್ತಿ. ಹಿಂದೆ ಕೂತವರ ಸೆರಗು, ದುಪಟ್ಟ ಚಕ್ರದ ಕಡೆಗೆ ಜೋತಿದೆಯೇ ನೋಡಿ. ಸೀರೆ ಗಾರ್ಡ್ ಚೆನ್ನಾಗಿ ಕಾಣುವುದಿಲ್ಲ ಎಂದು ಬಿಚ್ಚಿಸಲು ಬಂದ ಹುಡುಗರನ್ನು ನಾನು ವಾಪಸ್ ಕಳಿಸಿದ್ದೇನೆ.

ಕೊನೆಯಲ್ಲಿ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಕೊಡುತ್ತಿದ್ದೇನೆ.

ಎರಡನೆಯ ಸಾಲಿನ ವಿದ್ಯಾರ್ಥಿನಿಯೊಬ್ಬರು ಕೇಳಿದರು: ‘ಸರ್, ನನಗೆ ಎರಡೂ ಕಾಲು ನೆಲಕ್ಕೆ ಎಟುಕುವುದಿಲ್ಲ. ಮನೆಯಲ್ಲಿ ನಿನಗೆ ಸ್ಕೂಟರೇ ಸರಿ ಎನ್ನುತ್ತಾರೆ. ಗೇರ್ ಗಾಡಿ ಕಲಿಯಬಹುದಾ?’

ನೋಡಮ್ಮ, ನಿಲ್ಲುವಾಗ ಬೇಕಾದದ್ದು ಒಂದೇ ಕಾಲು, ಎಡಗಾಲು. ಬಲಗಾಲು ಬ್ರೇಕಿನ ಮೇಲೆಯೇ ಇರಬೇಕು. ಎಡಗಾಲಿನ ಮುಂಪಾದ ಗಟ್ಟಿಯಾಗಿ ನೆಲಕ್ಕೆ ಸಿಕ್ಕಿದರೆ ಸಾಕು. ಸೀಟಿನ ಮೇಲೆ ತುಸು ಎಡಕ್ಕೆ ಸರಿದು ಕೂತರೆ ಇನ್ನೆರಡು ಬೆರಳಷ್ಟು ಸಿಗುತ್ತದೆ. ಇಳಿಜಾರು, ಗುಂಡಿ ಇಲ್ಲದ ಜಾಗ ನೋಡಿ ನಿಲ್ಲಿಸುವ ಅಭ್ಯಾಸ ನಿಮಗೆ ಬೇಗ ಬರುತ್ತದೆ, ಉದ್ದ ಕಾಲಿನವರಿಗೆ ಬರುವುದೇ ಇಲ್ಲ. ನನ್ನ ಹತ್ತಿರ ಕಲಿತವರಲ್ಲಿ ಕ್ಲಚ್ಚಿನ ಹಿಡಿಯುವ ಜಾಗವನ್ನು ಎಲ್ಲರಿಗಿಂತ ಬೇಗ ಕಂಡುಕೊಂಡವರು ಒಬ್ಬ ಅಂಗನವಾಡಿ ಕಾರ್ಯಕರ್ತೆ. ಕಾರಣ ಕೇಳಿದೆ. ಹೊಲಿಗೆ ಯಂತ್ರದ ಪೆಡಲ್ ತುಳಿದ ಕಾಲಿಗೆ ಎಷ್ಟು ಒತ್ತಬೇಕೆಂದು ಗೊತ್ತಿರುತ್ತದೆ, ಕೈಗೆ ಅದನ್ನೇ ಹೇಳಿಕೊಟ್ಟೆ ಎಂದರು.

ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಎದ್ದು ಕೇಳಿದ: ‘ನನಗೆ ಎರಡು ವರ್ಷದಿಂದ ಗಾಡಿ ಬರುತ್ತದೆ ಸರ್. ನಾನು ಇದನ್ನೆಲ್ಲ ಮತ್ತೆ ಯಾಕೆ ಕಲಿಯಬೇಕು?’

ಎರಡು ವರ್ಷ ಅಂದೆಯಲ್ಲ, ನಿನ್ನ ವಯಸ್ಸು ಎಷ್ಟು ಎಂದು ನಾನು ಕೇಳುವುದಿಲ್ಲ, ಮೇಷ್ಟರು ಇಲ್ಲೇ ಇದ್ದಾರೆ. ನನ್ನ ಗಾಡಿ ಹೊರಗೆ ಬೇವಿನ ಮರದ ಕೆಳಗೆ ನಿಂತಿದೆ. ಮೈದಾನದಲ್ಲಿ ಸುಣ್ಣದಲ್ಲಿ ಎರಡು ಗೆರೆ ಹಾಕಿಸಿದ್ದೇನೆ, ನಡುವೆ ಒಂದು ಪಿಚ್ ದೂರ. ಮೊದಲನೆಯ ಗೆರೆಯ ಹತ್ತಿರ ನಾನು ಕರವಸ್ತ್ರ ಬೀಸುತ್ತೇನೆ, ಎರಡನೆಯ ಗೆರೆಯೊಳಗೆ ನೀನು ನಿಲ್ಲಿಸಬೇಕು. 30ರಲ್ಲಿ ಒಂದು ಸಲ, 40ರಲ್ಲಿ ಒಂದು ಸಲ. ಹೆಲ್ಮೆಟ್ ನನ್ನದೇ ಕೊಡುತ್ತೇನೆ, ನಿನ್ನದು ಟೋಪಿ. ಅದಕ್ಕೂ ಮೊದಲು ಮೈದಾನವನ್ನು ಒಂದು ಸುತ್ತು ತಳ್ಳಿಕೊಂಡು ಬಾ. ಅಲ್ಲಿಯವರೆಗೆ ಕೀಲಿ ನನ್ನ ಜೇಬಿನಲ್ಲೇ ಇರುತ್ತದೆ.